ಲೀಫ್ ಕಾರಿಗೆ ಕಾದವರು: ತಾರೀಖಿನ ಮೇಲೆ ನಿಂತ ಸಬ್ಸಿಡಿ, ಗ್ಯಾರೇಜಿನ ಕರೆಂಟು

2010ರ ಏಪ್ರಿಲ್ 20ರಂದು ನಿಸಾನ್ ಕಂಪನಿ ಅಮೆರಿಕದಲ್ಲಿ ಲೀಫ್ ಎಲೆಕ್ಟ್ರಿಕ್ ಕಾರಿನ ಬುಕಿಂಗ್ ಶುರು ಮಾಡಿತು. ಕಟ್ಟಬೇಕಾಗಿದ್ದದ್ದು 99 ಡಾಲರ್, ಬೇಡ ಅನ್ನಿಸಿದರೆ ವಾಪಸ್. ಸೆಪ್ಟೆಂಬರ್ ಹೊತ್ತಿಗೆ 20,000 ಜನ ಹೆಸರು ಬರೆಸಿದ್ದರು. ಇನ್ನು ಸಾಕು ಎಂದು ಕಂಪನಿಯೇ ಬುಕಿಂಗ್ ನಿಲ್ಲಿಸಿತು. ಮೊದಲ ಕಾರು ಡಿಸೆಂಬರ್ 11ರಂದು ಉತ್ತರ ಕ್ಯಾಲಿಫೋರ್ನಿಯಾದ ಪೆಟಲೂಮಾ ಊರಿನ ಶೋರೂಮಿನಿಂದ ಹೊರಬಿತ್ತು. ಆ ಇಡೀ ತಿಂಗಳು ಅಮೆರಿಕದಲ್ಲಿ ಮಾರಾಟವಾದ ಲೀಫ್ 19. ಜನವರಿಯಲ್ಲಿ 87. ಫೆಬ್ರವರಿಯಲ್ಲಿ ಇನ್ನೂ ಕಡಿಮೆ, 67.

ಸಾಲಿನಲ್ಲಿ 20,000 ಜನ, ತಿಂಗಳಿಗೆ ನೂರು ಕಾರೂ ಇಲ್ಲ. ಹೊಸ ಮಾದರಿಯ ಕಾರಿಗೆ ಕಾಯುವುದೇನೋ ಎಲ್ಲ ಕಡೆ ಇದ್ದದ್ದೇ. ಆದರೆ ಈ ಕಾಯುವಿಕೆಗೆ ದುಡ್ಡಿನ ಲೆಕ್ಕ ಅಂಟಿಕೊಂಡಿತ್ತು. ಕಾರು ಯಾವ ತಿಂಗಳು ಕೈಗೆ ಬಂತು ಎನ್ನುವುದರ ಮೇಲೆ ಅದರ ನಿಜವಾದ ಬೆಲೆ ಸಾವಿರಾರು ಡಾಲರ್ ಹೆಚ್ಚುಕಮ್ಮಿ ಆಗುತ್ತಿತ್ತು. ಒಂದೇ ದಿನ ಬುಕ್ ಮಾಡಿದ ಇಬ್ಬರಿಗೆ ಒಂದೇ ಕಾರು ಎರಡು ಬೆಲೆಗೆ ಬಿದ್ದದ್ದು ಇದರಿಂದಲೇ.

ಕಾರ್ಖಾನೆಗೆ ತನ್ನದೊಂದು ವೇಳಾಪಟ್ಟಿ. ಸರ್ಕಾರದ ಸಬ್ಸಿಡಿಗೆ ಇನ್ನೊಂದು. ಮನೆಗೆ ಚಾರ್ಜಿಂಗ್ ಲೈನ್ ಎಳೆಯುವ ಎಲೆಕ್ಟ್ರಿಷಿಯನ್, ಪರ್ಮಿಟ್ ಕೊಡುವ ನಗರಾಡಳಿತ, ಕರೆಂಟ್ ಕಂಪನಿ, ಇವರದ್ದು ಮತ್ತೊಂದು. ಈ ಮೂರೂ ಒಂದಕ್ಕೊಂದು ಹೊಂದಿಕೊಳ್ಳಲಿಲ್ಲ. ಮೊದಲ ಎಲೆಕ್ಟ್ರಿಕ್ ಕಾರುಗಳ ಕಾಲವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಮೂರರ ಒಳಗುಟ್ಟು ತಿಳಿದರೆ ಸಾಕು.

ಬುಕಿಂಗ್‌ನಿಂದ ಕೀಲಿಯವರೆಗೆ

99 ಡಾಲರ್ ಕಟ್ಟಿದರೆ ಕಾರು ಆರ್ಡರ್ ಆಯಿತು ಎಂದಲ್ಲ. ಅದು ಸಾಲಿನಲ್ಲಿ ಒಂದು ಜಾಗ, ಅಷ್ಟೇ. ಆಗಸ್ಟ್ ಕೊನೆಯಿಂದ ನಿಸಾನ್ ಒಂದಿಷ್ಟು ಒಂದಿಷ್ಟು ಜನರಿಗೆ ಆರ್ಡರ್ ಮಾಡಲು ಅವಕಾಶ ಕೊಡುತ್ತಾ ಬಂತು. ಸರದಿ ಬಂದಾಗ ಬಣ್ಣ, ಮಾದರಿ ಆರಿಸಿ, ಡೀಲರ್‌ನಿಂದ ಬೆಲೆ ಕೇಳಿ, ಆಮೇಲೆ ಆರ್ಡರ್. ಅದಕ್ಕೂ ಮುಂಚೆ ಮನೆಯ ವೈರಿಂಗ್ ನೋಡಲು ಒಬ್ಬರು ಬರಬೇಕು. ನಿಸಾನ್ ಈ ಕೆಲಸವನ್ನು ಏರೋವೈರನ್‌ಮೆಂಟ್ ಕಂಪನಿಗೆ ಒಪ್ಪಿಸಿತ್ತು. ಚಾರ್ಜಿಂಗ್ ಪೆಟ್ಟಿಗೆ, ಅಳವಡಿಕೆ ಎಲ್ಲ ಸೇರಿ ಸಾಮಾನ್ಯ ಮನೆಗೆ ಸುಮಾರು 2,200 ಡಾಲರ್ ಆಗುತ್ತದೆ ಎಂದು ಕಂಪನಿ ಹೇಳಿತ್ತು.

ಎಲ್ಲ ರಾಜ್ಯದವರಿಗೂ ಒಟ್ಟಿಗೆ ಕಾರು ಸಿಗಲಿಲ್ಲ. ಮೊದಲ ಪಟ್ಟಿಯಲ್ಲಿ ಐದೇ ರಾಜ್ಯ: ಕ್ಯಾಲಿಫೋರ್ನಿಯಾ, ಒರೆಗಾನ್, ವಾಷಿಂಗ್ಟನ್, ಅರಿಜೋನಾ, ಟೆನ್ನೆಸ್ಸಿ. ಈ ಐದೇ ಯಾಕೆ? ಮುಖ್ಯ ಕಾರಣ ಚಾರ್ಜಿಂಗ್. ಕೇಂದ್ರ ಸರ್ಕಾರದ ಇಂಧನ ಇಲಾಖೆ 2009ರಲ್ಲಿ ಇಕೋಟಾಲಿಟಿ ಎಂಬ ಕಂಪನಿಗೆ 99.8 ಮಿಲಿಯನ್ ಡಾಲರ್ ಅನುದಾನ ಕೊಟ್ಟಿತ್ತು. ಮನೆಗಳಲ್ಲಿ, ಊರುಗಳಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಬೇಕು, ಜನ ಅವನ್ನು ಹೇಗೆ ಬಳಸುತ್ತಾರೆ ಎಂದು ದಾಖಲಿಸಬೇಕು. ಇದಕ್ಕೆ ಇವಿ ಪ್ರಾಜೆಕ್ಟ್ ಎಂದು ಹೆಸರು. ಚಾರ್ಜಿಂಗ್ ಪಾಯಿಂಟ್ ಹಾಕುವ ಊರಿಗೇ ಕಾರು ಕಳಿಸುವುದು ನಿಸಾನ್‌ಗೂ ಅನುಕೂಲ. ಟೆನ್ನೆಸ್ಸಿಯಲ್ಲಂತೂ ನಿಸಾನ್‌ನ ಅಮೆರಿಕದ ಮುಖ್ಯ ಕಚೇರಿಯೂ ಇದೆ, ಸ್ಮಿರ್ನಾದಲ್ಲಿ ಕಾರ್ಖಾನೆಯೂ ಇದೆ. ಬೇರೆ ರಾಜ್ಯಗಳಲ್ಲಿ ಕಾರು ಬೇಕು ಅನ್ನುವವರು ಎಷ್ಟೇ ಉತ್ಸಾಹದಿಂದ ಇದ್ದರೂ ಕಾಯಲೇಬೇಕಿತ್ತು.

ಸ್ಮಿರ್ನಾದಲ್ಲಿ ಲೀಫ್ ತಯಾರಾಗಲು ಶುರುವಾದದ್ದು 2013ರ ಜನವರಿಯಲ್ಲಿ. ಅಲ್ಲಿಯವರೆಗೆ ಪ್ರತಿ ಕಾರೂ ಜಪಾನಿನ ಒಪ್ಪಾಮ ಕಾರ್ಖಾನೆಯಿಂದ ಹಡಗಿನಲ್ಲಿ ಬರಬೇಕು. ಪೆಸಿಫಿಕ್ ದಾಟಬೇಕು, ಬಂದರಿನಲ್ಲಿ ಇಳಿಯಬೇಕು, ಟ್ರಕ್ ಹತ್ತಿ ಡೀಲರ್ ಹತ್ತಿರ ಹೋಗಬೇಕು. 2011ರ ಮಾರ್ಚ್‌ನಲ್ಲಿ ಮಾರಾಟ 298ಕ್ಕೆ ಏರಿತ್ತು, ಇನ್ನೇನು ವೇಗ ಹಿಡಿಯಿತು ಅನ್ನುವಷ್ಟರಲ್ಲಿ ಅದೇ ತಿಂಗಳ 11ರಂದು ಜಪಾನಿನಲ್ಲಿ ಭೂಕಂಪ, ಸುನಾಮಿ. ಸಾವಿರಾರು ಜನ ಪ್ರಾಣ ಕಳೆದುಕೊಂಡ ದುರಂತದ ಮುಂದೆ ಕಾರಿನ ವಿಷಯ ಸಣ್ಣದು. ಆದರೂ ಬಿಡಿಭಾಗ ಇಲ್ಲದೆ, ಕರೆಂಟ್ ಇಲ್ಲದೆ ಕಾರ್ಖಾನೆಗಳು ನಿಂತವು, ಡೆಲಿವರಿ ಮತ್ತೆ ಹಿಂದೆ ಬಿತ್ತು. 2011ರ ಇಡೀ ವರ್ಷ ಅಮೆರಿಕದಲ್ಲಿ 9,674 ಲೀಫ್ ಮಾರಾಟವಾಯಿತು. ಸಾಲಿನಲ್ಲಿ ನಿಂತವರ ಅರ್ಧದಷ್ಟೂ ಅಲ್ಲ.

ಎರಡು ಕ್ಯಾಲೆಂಡರ್, ಎರಡು ಸಬ್ಸಿಡಿ

ಈಗ ದುಡ್ಡಿನ ವಿಷಯಕ್ಕೆ ಬರೋಣ. ಲೀಫ್‌ನ ಆರಂಭದ ಬೆಲೆ 32,780 ಡಾಲರ್. ಆಗಿನ ಸಾಧಾರಣ ಪೆಟ್ರೋಲ್ ಕಾರಿಗಿಂತ ಬಹಳ ಜಾಸ್ತಿ. ಈ ಅಂತರ ತುಂಬಿಸಲು ಕೇಂದ್ರ ಸರ್ಕಾರ ಒಂದು ಟ್ಯಾಕ್ಸ್ ಕ್ರೆಡಿಟ್, ಅಂದರೆ ಕಟ್ಟಬೇಕಾದ ತೆರಿಗೆಯಲ್ಲಿ ಕಡಿತ, ಕೊಡುತ್ತಿತ್ತು. 2,500 ಡಾಲರ್‌ನಿಂದ ಶುರುವಾಗಿ, ಬ್ಯಾಟರಿ ದೊಡ್ಡದಾದಷ್ಟೂ ಪ್ರತಿ ಕಿಲೋವ್ಯಾಟ್ ಅವರ್‌ಗೆ (ಕರೆಂಟ್ ಬಿಲ್ಲಿನ ಒಂದು ಯೂನಿಟ್) 417 ಡಾಲರ್‌ನಂತೆ ಏರುತ್ತಾ 7,500ಕ್ಕೆ ನಿಲ್ಲುವ ಲೆಕ್ಕ. 16 ಕಿಲೋವ್ಯಾಟ್ ಅವರ್ ಇದ್ದರೆ ಪೂರ್ತಿ ಮೊತ್ತ. ಅದೇ ಸಮಯಕ್ಕೆ ಬಂದ ಶೆವರ್ಲೆ ವೋಲ್ಟ್ ಕಾರಿನ ಬ್ಯಾಟರಿ ಸರಿಯಾಗಿ 16. ಲೀಫ್‌ನದ್ದು 24. ಹಾಗಾಗಿ ಎರಡಕ್ಕೂ 7,500.

ಇದು ಶೋರೂಮಿನಲ್ಲಿ ಬೆಲೆಯಿಂದ ಕಳೆಯುವ ದುಡ್ಡಾಗಿರಲಿಲ್ಲ. ಕಾರಿಗೆ ಪೂರ್ತಿ ಹಣ ಕೊಟ್ಟು, ಮುಂದಿನ ವರ್ಷ ಆದಾಯ ತೆರಿಗೆ ಲೆಕ್ಕ ಸಲ್ಲಿಸುವಾಗ ಕೇಳಿ ಪಡೆಯಬೇಕಿತ್ತು. ಇಲ್ಲಿ ಎರಡು ಕಡೆ ಜನ ಎಡವುತ್ತಿದ್ದರು.

ಮೊದಲನೆಯದು, ಈ ಕ್ರೆಡಿಟ್ ನಿಮ್ಮ ತೆರಿಗೆಗಿಂತ ಜಾಸ್ತಿ ಆಗುವಂತಿರಲಿಲ್ಲ. ಒಬ್ಬರಿಗೆ ಆ ವರ್ಷ ಒಟ್ಟು ಕೇಂದ್ರ ತೆರಿಗೆ 4,200 ಡಾಲರ್ ಅಂದುಕೊಳ್ಳಿ. ಅವರಿಗೆ ಸಿಗುವುದು 4,200 ಮಾತ್ರ. ಉಳಿದ 3,300 ಮುಂದಿನ ವರ್ಷಕ್ಕೂ ಹೋಗುವುದಿಲ್ಲ, ಕೈಗೂ ಬರುವುದಿಲ್ಲ, ಹೋಯಿತು ಅಂದರೆ ಹೋಯಿತು. ಒಟ್ಟು ತೆರಿಗೆ ಅಂದರೆ ಏಪ್ರಿಲ್‌ನಲ್ಲಿ ಕೊನೆಗೆ ಕಟ್ಟುವ ಬಾಕಿ ಅಲ್ಲ, ಸಂಬಳದಲ್ಲಿ ತಿಂಗಳು ತಿಂಗಳು ಮುರಿದುಕೊಂಡದ್ದೂ ಸೇರಿದ ವರ್ಷದ ಮೊತ್ತ. ನನಗೆ ಪ್ರತಿ ವರ್ಷ ರೀಫಂಡ್ ಬರುತ್ತದೆ, ಹಾಗಾಗಿ ಈ ಕ್ರೆಡಿಟ್ ಸಿಗುವುದಿಲ್ಲ ಎಂದು ಸುಮ್ನೆ ಹೆದರಿದವರೂ ಇದ್ದರು. ಅಂಥವರಿಗೆ ಸಿಗುತ್ತಿತ್ತು. ನಿಜವಾಗಿ ಸಿಗದೆ ಹೋದದ್ದು ಆದಾಯ ಕಡಿಮೆ ಇದ್ದವರಿಗೆ. ನೆರವು ಹೆಚ್ಚು ಬೇಕಾಗಿದ್ದವರಿಗೇ ಕಡಿಮೆ ಕೊಡುವ ಈ ಲೆಕ್ಕ ನನಗೆ ಅಂದೂ ಇಂದೂ ಸರಿ ಕಂಡಿಲ್ಲ.

ಅದಕ್ಕೆ ಒಂದು ಸುತ್ತುದಾರಿ ಇತ್ತು, ಲೀಸ್. ಕಾರನ್ನು ಲೀಸ್‌ಗೆ ತೆಗೆದುಕೊಂಡರೆ ಕಾಗದದ ಮೇಲೆ ಮಾಲೀಕರು ಫೈನಾನ್ಸ್ ಕಂಪನಿಯವರು. ಕ್ರೆಡಿಟ್ ಅವರಿಗೆ ಹೋಗುತ್ತಿತ್ತು, ಅವರು ಅದನ್ನು ತಿಂಗಳ ಕಂತಿನಲ್ಲಿ ಇಳಿಸಿ ಕೊಡುತ್ತಿದ್ದರು. ಲೀಫ್‌ಗೆ ನಿಸಾನ್ ಹೇಳಿದ ಕಂತು 349 ಡಾಲರ್, 36 ತಿಂಗಳು. ಮೊದಲ ಸುತ್ತಿನಲ್ಲಿ ಲೀಸ್ ಅಷ್ಟು ಜನಪ್ರಿಯ ಆಗಲು ಈ ತೆರಿಗೆ ಲೆಕ್ಕ ದೊಡ್ಡ ಕಾರಣ. ಮೂರು ವರ್ಷದ ಮೇಲೆ ಬ್ಯಾಟರಿ ಹೇಗಿರುತ್ತದೋ ಎಂಬ ಚಿಂತೆಯೂ ಇರುವುದಿಲ್ಲ.

ಎರಡನೆಯದು ತಾರೀಖು. ಕಾರು ಬಳಕೆಗೆ ಬಂದ ವರ್ಷಕ್ಕೆ ಕ್ರೆಡಿಟ್ ಸೇರುತ್ತಿತ್ತು, ಬುಕ್ ಮಾಡಿದ ವರ್ಷಕ್ಕಲ್ಲ. 2010ರ ಡಿಸೆಂಬರ್ ಕೊನೆ ವಾರ ಕೀಲಿ ಸಿಕ್ಕಿದವರು ಕೆಲವೇ ತಿಂಗಳಲ್ಲಿ, 2011ರ ಏಪ್ರಿಲ್ ಒಳಗೆ, ಕ್ರೆಡಿಟ್ ಕೇಳಬಹುದಿತ್ತು. ಜನವರಿ ಮೊದಲ ವಾರ ಸಿಕ್ಕಿದವರು ಇನ್ನೂ ಒಂದು ವರ್ಷ ಕಾಯಬೇಕು. ಮನೆಯ ಚಾರ್ಜಿಂಗ್ ಪೆಟ್ಟಿಗೆಗೂ ಇದೇ ಕಥೆ. 2010ರಲ್ಲಿ ಅಳವಡಿಸಿದರೆ ಖರ್ಚಿನ ಅರ್ಧ, 2,000 ಡಾಲರ್‌ವರೆಗೆ ಕ್ರೆಡಿಟ್. 2011ಕ್ಕೆ ಬಿದ್ದರೆ 30 ಪರ್ಸೆಂಟ್, ಹೆಚ್ಚೆಂದರೆ 1,000. ಒಂದು ರಾತ್ರಿ ಕಳೆಯುವುದರೊಳಗೆ ಅರ್ಧಕ್ಕರ್ಧ.

ಕ್ಯಾಲಿಫೋರ್ನಿಯಾದ ಕ್ಯಾಲೆಂಡರ್ ಬೇರೆ. ಅಲ್ಲಿ ವಾಯುಮಾಲಿನ್ಯ ನೋಡಿಕೊಳ್ಳುವ ರಾಜ್ಯದ ಏರ್ ರಿಸೋರ್ಸಸ್ ಬೋರ್ಡ್ ಎಲೆಕ್ಟ್ರಿಕ್ ಕಾರಿಗೆ 5,000 ಡಾಲರ್‌ವರೆಗೆ ರಿಬೇಟ್ ಕೊಡುತ್ತಿತ್ತು. ಇದು ನಿಜವಾದ ಚೆಕ್, ತೆರಿಗೆ ಎಷ್ಟು ಕಟ್ಟುತ್ತೀರಿ ಎಂದು ಕೇಳುತ್ತಿರಲಿಲ್ಲ. ಕಾರನ್ನು 36 ತಿಂಗಳು ರಾಜ್ಯದೊಳಗೆ ಇಟ್ಟುಕೊಳ್ಳಬೇಕಿತ್ತು. ಆದರೆ ದುಡ್ಡು ಬರುತ್ತಿದ್ದದ್ದು ರಾಜ್ಯದ ಬಜೆಟ್ಟಿನಿಂದ, ಆ ಬಜೆಟ್ ವರ್ಷ ಜುಲೈಯಿಂದ ಜೂನ್. ಒಂದು ವರ್ಷಕ್ಕೆ ಇಟ್ಟ ಮೊತ್ತ ಮುಗಿದರೆ ಮುಗಿಯಿತು. ಅರ್ಜಿ ಹಾಕಬೇಕಾದರೆ ಕಾರನ್ನು ಕೊಂಡಿರಬೇಕು ಅಥವಾ ಲೀಸ್ ಮಾಡಿರಬೇಕು. ಬುಕಿಂಗ್ ರಸೀದಿ ತೋರಿಸಿ ಜಾಗ ಹಿಡಿಯುವಂತಿರಲಿಲ್ಲ.

ಮುಂದೆ ಏನಾಯಿತು ಎಂದು ಊಹಿಸಬಹುದು. ಜಪಾನಿನ ಭೂಕಂಪದಿಂದ ತಡವಾದ ಕಾರುಗಳು ಮೇ, ಜೂನ್ ತಿಂಗಳಲ್ಲಿ ದಂಡಿಯಾಗಿ ಬಂದಿಳಿದವು. ಮೇ ತಿಂಗಳಲ್ಲಿ 1,142, ಜೂನ್‌ನಲ್ಲಿ 1,708. ಜೂನ್ ಹೊತ್ತಿಗೆ ಕ್ಯಾಲಿಫೋರ್ನಿಯಾದ ಆ ವರ್ಷದ ನಿಧಿ ಖಾಲಿ. ಹೊಸ ಬಜೆಟ್ ಬಂದಾಗ, ಇರುವ ದುಡ್ಡು ಜಾಸ್ತಿ ಜನರಿಗೆ ಹಂಚಲಿ ಎಂದು ರಿಬೇಟನ್ನು 2,500ಕ್ಕೆ ಇಳಿಸಿದರು.

ಒಂದು ಲೆಕ್ಕ ಹಾಕಿ ನೋಡಿ. ಫೆಬ್ರವರಿಯಲ್ಲಿ ಕಾರು ಸಿಕ್ಕಿದವರಿಗೆ 32,780ರಲ್ಲಿ ಕೇಂದ್ರದ 7,500, ರಾಜ್ಯದ 5,000 ಕಳೆದು 20,280. ಆಗಸ್ಟ್‌ನಲ್ಲಿ ಸಿಕ್ಕಿದವರಿಗೆ 22,780. ಇಬ್ಬರೂ 2010ರ ಏಪ್ರಿಲ್ 20ರಂದೇ 99 ಡಾಲರ್ ಕಟ್ಟಿರಬಹುದು. ತಪ್ಪು ಯಾರದ್ದೂ ಅಲ್ಲ. ಆದರೂ ಇಷ್ಟು ದಿನ ನಂಬಿಕೆ ಇಟ್ಟು ಕಾದವರೇ 2,500 ಡಾಲರ್ ಹೆಚ್ಚು ಕೊಡಬೇಕಾಯಿತು. ನಿಧಿ ಸೀಮಿತ ಇರುವುದು ಸಹಜ. ಖಚಿತ ಆರ್ಡರ್ ಇದ್ದವರಿಗೆ ನಿಧಿಯಲ್ಲಿ ಜಾಗ ಕಾದಿರಿಸಿದ್ದರೆ ಇಷ್ಟು ನೋವು ಆಗುತ್ತಿರಲಿಲ್ಲ, ಅಲ್ವಾ?

ಬೇರೆ ರಾಜ್ಯಗಳು ಬೇರೆ ಬೇರೆ ದಾರಿ ಹಿಡಿದವು. ಟೆನ್ನೆಸ್ಸಿ ಮೊದಲ 1,000 ಕಾರಿಗೆ 2,500 ಡಾಲರ್ ಎಂದಿತು. ವಾಷಿಂಗ್ಟನ್ ರಾಜ್ಯ ಮಾರಾಟ ತೆರಿಗೆಯನ್ನೇ ಬಿಟ್ಟುಕೊಟ್ಟಿತು. ಸಿಯಾಟಲ್‌ನಲ್ಲಿ ಅಷ್ಟರಿಂದಲೇ ಸುಮಾರು 3,000 ಡಾಲರ್ ಉಳಿತಾಯ, ಅದೂ ಬಿಲ್ ಮಾಡುವಾಗಲೇ. ಅರ್ಜಿ ಇಲ್ಲ, ಕಾಯುವುದಿಲ್ಲ, ನಿಧಿ ಮುಗಿಯುವ ಭಯ ಇಲ್ಲ. ನನ್ನ ಮಟ್ಟಿಗೆ ಆ ಕಾಲದ ಸಬ್ಸಿಡಿಗಳಲ್ಲಿ ಅತ್ಯಂತ ಅಚ್ಚುಕಟ್ಟಾದದ್ದು ಇದು. ಜಾರ್ಜಿಯಾ ರಾಜ್ಯ 5,000 ಡಾಲರ್‌ವರೆಗೆ ತೆರಿಗೆ ಕ್ರೆಡಿಟ್ ಕೊಟ್ಟಿತು, ಅಟ್ಲಾಂಟಾ ದೇಶದಲ್ಲೇ ಅತಿ ಹೆಚ್ಚು ಲೀಫ್ ಮಾರುವ ಊರುಗಳಲ್ಲಿ ಒಂದಾಯಿತು. 2015ರ ಜುಲೈಯಲ್ಲಿ ಆ ಕ್ರೆಡಿಟ್ ತೆಗೆದು, ಮೇಲೆ ವರ್ಷಕ್ಕೆ 200 ಡಾಲರ್ ಶುಲ್ಕ ಹಾಕಿದರು. ಮಾರಾಟ ಧೊಪ್ಪನೆ ಬಿತ್ತು.

ದುಡ್ಡಲ್ಲದ ಸವಲತ್ತೂ ಒಂದಿತ್ತು. ಕ್ಯಾಲಿಫೋರ್ನಿಯಾದ ಹೆದ್ದಾರಿಗಳಲ್ಲಿ ಒಂದಕ್ಕಿಂತ ಹೆಚ್ಚು ಜನ ಇರುವ ಕಾರುಗಳಿಗೆ ಮೀಸಲಾದ ಕಾರ್‌ಪೂಲ್ ಲೇನ್ ಇರುತ್ತದೆ. ಪೂರ್ತಿ ಎಲೆಕ್ಟ್ರಿಕ್ ಕಾರಿಗೆ ಬಿಳಿ ಸ್ಟಿಕ್ಕರ್. ಅದನ್ನು ಅಂಟಿಸಿಕೊಂಡರೆ ಒಬ್ಬರೇ ಕೂತಿದ್ದರೂ ಆ ಲೇನಿನಲ್ಲಿ ಹೋಗಬಹುದಿತ್ತು. ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ ಕಡೆ ದಿನಾ ಟ್ರಾಫಿಕ್‌ನಲ್ಲಿ ನರಳುವವರಿಗೆ ಇದರ ಬೆಲೆ ರಿಬೇಟಿಗಿಂತ ಕಡಿಮೆ ಇರಲಿಲ್ಲ. ವೋಲ್ಟ್‌ನಲ್ಲಿ ಪೆಟ್ರೋಲ್ ಎಂಜಿನ್ ಕೂಡ ಇದ್ದದ್ದರಿಂದ ಶುರುವಿನಲ್ಲಿ ಅದಕ್ಕೆ ಈ ಸ್ಟಿಕ್ಕರೂ ಸಿಗಲಿಲ್ಲ, ರಾಜ್ಯದ ರಿಬೇಟೂ ಸಿಗಲಿಲ್ಲ. 2012ರಲ್ಲಿ ಕಡಿಮೆ ಹೊಗೆಯ ಆವೃತ್ತಿ ಬಂದ ಮೇಲೆ ಹಸಿರು ಸ್ಟಿಕ್ಕರ್ ಸಿಕ್ಕಿತು.

ಗ್ಯಾರೇಜಿನ ಗೋಡೆ

ಚಾರ್ಜಿಂಗ್ ಅಂದ ತಕ್ಷಣ ಎಲ್ಲರ ಗಮನ ಹೋಗುವುದು ರಸ್ತೆ ಬದಿಯ ಸ್ಟೇಷನ್‌ಗಳ ಕಡೆಗೆ. ಆದರೆ ಇವಿ ಪ್ರಾಜೆಕ್ಟ್‌ನ ಅಂಕಿಅಂಶಗಳನ್ನು ಐಡಹೊ ನ್ಯಾಷನಲ್ ಲ್ಯಾಬೊರೇಟರಿ ವಿಶ್ಲೇಷಿಸಿದಾಗ ಕಂಡದ್ದು, 80 ಪರ್ಸೆಂಟ್‌ಗಿಂತ ಜಾಸ್ತಿ ಚಾರ್ಜಿಂಗ್ ಮನೆಯಲ್ಲೇ ಆಗುತ್ತಿತ್ತು. ಹಾಗಾಗಿ ನಿಜವಾದ ಅಡಚಣೆ ಗ್ಯಾರೇಜಿನ ಗೋಡೆಯಲ್ಲಿ.

ಅಮೆರಿಕದ ಮನೆಯ ಸಾಮಾನ್ಯ ಸಾಕೆಟ್ 120 ವೋಲ್ಟ್. ಲೀಫ್ ಜೊತೆ ಬರುತ್ತಿದ್ದ ಕೇಬಲ್ ಅದರಿಂದ 12 ಆಂಪಿಯರ್ ಎಳೆಯುತ್ತಿತ್ತು, ಅಂದರೆ 1.4 ಕಿಲೋವ್ಯಾಟ್. ಖಾಲಿ ಬ್ಯಾಟರಿ ತುಂಬಲು ಹೆಚ್ಚುಕಮ್ಮಿ 20 ಗಂಟೆ. ಡ್ರೈಯರ್, ದೊಡ್ಡ ಒಲೆಗಳಿಗೆ ಬಳಸುವ 240 ವೋಲ್ಟ್ ಲೈನ್ ಎಳೆಸಿದರೆ ಏಳೆಂಟು ಗಂಟೆ, ರಾತ್ರಿ ಚುಚ್ಚಿ ಬೆಳಿಗ್ಗೆ ಹೊರಡಬಹುದು. ಪೂರ್ತಿ ಚಾರ್ಜ್‌ಗೆ ಸರ್ಕಾರಿ ಪರೀಕ್ಷೆಯ ಪ್ರಕಾರ ಲೀಫ್ ಹೋಗುತ್ತಿದ್ದದ್ದು 73 ಮೈಲಿ, ಸುಮಾರು 117 ಕಿಲೋಮೀಟರ್. ದಿನಕ್ಕೆ ಐವತ್ತು ಕಿಲೋಮೀಟರ್ ಓಡಿಸುವವರಿಗೆ 120 ವೋಲ್ಟ್ ಸಾಕೆಟ್ಟೇ ಸಾಕಾಗುತ್ತಿತ್ತು, ಇದನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಶೆವರ್ಲೆ ವೋಲ್ಟ್ ಕಾರು ಕೊಂಡ ಬಹಳ ಜನ ಹಾಗೇ ಮಾಡಿ 2,000 ಡಾಲರ್ ಉಳಿಸಿಕೊಂಡರು.

ಗೋಡೆಗೆ ಹಾಕುವ ಆ ದುಬಾರಿ ಪೆಟ್ಟಿಗೆ ಏನು ಮಾಡುತ್ತದೆ? ಎಲ್ಲರೂ ಅದನ್ನು ಚಾರ್ಜರ್ ಅನ್ನುತ್ತಾರೆ. ನಿಜವಾದ ಚಾರ್ಜರ್, ಅಂದರೆ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ಯಂತ್ರ, ಕಾರಿನ ಒಳಗೇ ಇರುತ್ತದೆ. ಗೋಡೆಯ ಪೆಟ್ಟಿಗೆ ಕಾರಿನ ಜೊತೆ ಮಾತಾಡಿ ಕರೆಂಟ್ ಬಿಡುವ ಒಂದು ಜಾಣ ಸ್ವಿಚ್. ಆ ಮಾತುಕತೆ ಹೇಗೆ ನಡೆಯಬೇಕು ಎಂದು 2010ರ ಜನವರಿಯಲ್ಲಿ ಒಪ್ಪಿಗೆಯಾದ ಜೆ1772 ಎಂಬ ಮಾನದಂಡ ಹೇಳುತ್ತದೆ. ಪ್ಲಗ್ಗಿನಲ್ಲಿ ಐದು ಪಿನ್. ಅದರಲ್ಲಿ ಒಂದು ಸಣ್ಣ ಪಿನ್ ಮೇಲೆ ಪೆಟ್ಟಿಗೆ 12 ವೋಲ್ಟ್ ಇಟ್ಟು ಕಾಯುತ್ತದೆ. ಪ್ಲಗ್ ಕಾರಿಗೆ ಸೇರಿದಾಗ ಕಾರಿನ ಒಳಗಿನ ರೆಸಿಸ್ಟರ್ ಅದನ್ನು 9 ವೋಲ್ಟ್‌ಗೆ ಇಳಿಸುತ್ತದೆ. ಓ, ಕಾರು ಬಂತು ಎಂದು ಪೆಟ್ಟಿಗೆಗೆ ಗೊತ್ತಾಗುತ್ತದೆ. ಆಗ ಅದು ಸೆಕೆಂಡಿಗೆ 1,000 ಸಲ ಏರಿಳಿಯುವ ಸಿಗ್ನಲ್ ಕಳಿಸುತ್ತದೆ. ಪ್ರತಿ ಸುತ್ತಿನಲ್ಲಿ ಸಿಗ್ನಲ್ ಎಷ್ಟು ಹೊತ್ತು ಮೇಲೆ ಇರುತ್ತದೆ ಎನ್ನುವುದೇ ಸಂದೇಶ. ಅರ್ಧ ಹೊತ್ತು ಮೇಲಿದ್ದರೆ, 30 ಆಂಪಿಯರ್‌ವರೆಗೆ ಎಳೆಯಬಹುದು ಎಂದರ್ಥ. ಕಾರು ತಯಾರಾದಾಗ ವೋಲ್ಟೇಜನ್ನು 6ಕ್ಕೆ ಇಳಿಸುತ್ತದೆ. ಆಗ ಮಾತ್ರ ಪೆಟ್ಟಿಗೆಯೊಳಗೆ ರಿಲೇ ಟಕ್ ಅಂತ ಕೂರುತ್ತದೆ, ದೊಡ್ಡ ಪಿನ್‌ಗಳಿಗೆ ಕರೆಂಟ್ ಬರುತ್ತದೆ. ಅಲ್ಲಿಯವರೆಗೆ ಆ ಪ್ಲಗ್ಗಿನಲ್ಲಿ ಕೈ ಸುಡುವಂಥದ್ದು ಏನೂ ಇಲ್ಲ. ಮಳೆಯಲ್ಲಿ ಹಿಡಿದು ಚುಚ್ಚಲು ಧೈರ್ಯ ಕೊಡುವುದು ಇದೇ ವ್ಯವಸ್ಥೆ.

ಈ ಒಂದು ಮಾನದಂಡ ಕಾರಿಗಿಂತ ಮುಂಚೆ ಸಿದ್ಧವಾಗಿದ್ದದ್ದು ಆ ಕಾಲದ ಭಾಗ್ಯ. 1990ರ ದಶಕದಲ್ಲಿ ಜನರಲ್ ಮೋಟರ್ಸ್‌ನ ಇವಿ1 ಬಂದಾಗ ಕ್ಯಾಲಿಫೋರ್ನಿಯಾದಲ್ಲಿ ಒಂದಿಷ್ಟು ಕಡೆ ಅಗಲ ಹಲಗೆಯಂಥ ಪ್ಯಾಡಲ್ ತೂರಿಸುವ ಸ್ಟೇಷನ್, ಇನ್ನೊಂದಿಷ್ಟು ಕಡೆ ಬೇರೆ ನಮೂನೆಯ ಪ್ಲಗ್. ಕಾರುಗಳನ್ನು ಕಂಪನಿಗಳು ವಾಪಸ್ ಪಡೆದ ಮೇಲೆ ಆ ಸ್ಟೇಷನ್‌ಗಳು ಯಾವ ಕೆಲಸಕ್ಕೂ ಬಾರದೆ ಹೋದವು. 2010ರಲ್ಲಿ ಲೀಫ್, ವೋಲ್ಟ್ ಎರಡಕ್ಕೂ ಒಂದೇ ಪ್ಲಗ್.

ಇನ್ನು ವೈರಿಂಗ್. ಚಾರ್ಜಿಂಗ್ ಗಂಟೆಗಟ್ಟಲೆ ಒಂದೇ ಸಮ ಕರೆಂಟ್ ಎಳೆಯುತ್ತದೆ. ಹಾಗಾಗಿ ಅಮೆರಿಕದ ವೈರಿಂಗ್ ನಿಯಮದ ಪ್ರಕಾರ ಎಳೆಯುವ ಆಂಪಿಯರ್‌ಗಿಂತ ಕಾಲು ಭಾಗ ಹೆಚ್ಚಿನ ಸಾಮರ್ಥ್ಯದ ಬ್ರೇಕರ್ ಬೇಕು. 30 ಆಂಪಿಯರ್ ಪೆಟ್ಟಿಗೆಗೆ 40 ಆಂಪಿಯರ್ ಬ್ರೇಕರ್. ಹಳೆಯ ಮನೆಗಳ ಪ್ಯಾನೆಲ್ ಒಟ್ಟು 100 ಆಂಪಿಯರ್‌ನದ್ದು. ಎಸಿ, ಒಲೆ, ಡ್ರೈಯರ್ ಎಲ್ಲ ಆಗಲೇ ಅದರಲ್ಲಿ ಕೂತಿವೆ. ಜಾಗ ಇಲ್ಲದಿದ್ದರೆ ಪ್ಯಾನೆಲ್ಲನ್ನೇ ಬದಲಿಸಬೇಕು. ಗ್ಯಾರೇಜ್ ಮನೆಯಿಂದ ದೂರ ಇದ್ದರೆ ಅಂಗಳ ಅಗೆದು ಕೇಬಲ್ ಹಾಕಬೇಕು. 2,200 ಡಾಲರ್‌ನ ಅಂದಾಜು ಎರಡರಷ್ಟು ಆಗುವುದು ಇಂಥ ಮನೆಗಳಲ್ಲೇ. ಆಮೇಲೆ ನಗರದ ಪರ್ಮಿಟ್, ಕೆಲಸ ಮುಗಿದ ಮೇಲೆ ಇನ್‌ಸ್ಪೆಕ್ಟರ್ ಬಂದು ನೋಡಬೇಕು. ರಾತ್ರಿ ಕಡಿಮೆ ದರದ ಕರೆಂಟ್ ಬೇಕಾದರೆ ಕರೆಂಟ್ ಕಂಪನಿಗೆ ಬೇರೆ ಅರ್ಜಿ.

ಇವಿ ಪ್ರಾಜೆಕ್ಟ್ ಇಲ್ಲಿ ಬಹಳ ಜನರ ಕೈ ಹಿಡಿಯಿತು. ಆಯ್ದ ಊರುಗಳಲ್ಲಿ ಇದ್ದವರಿಗೆ ಬ್ಲಿಂಕ್ ಹೆಸರಿನ ಪೆಟ್ಟಿಗೆ ಪುಕ್ಕಟೆ. ಬದಲಿಗೆ ಯಾವಾಗ, ಎಷ್ಟು ಚಾರ್ಜ್ ಮಾಡುತ್ತೀರಿ ಎಂಬ ಮಾಹಿತಿ ಕೊಡಲು ಒಪ್ಪಬೇಕು. ಅಪಾರ್ಟ್‌ಮೆಂಟ್‌ನಲ್ಲಿ ಇದ್ದವರ ಪಾಡು ಮಾತ್ರ ಕಷ್ಟವೇ. ಪಾರ್ಕಿಂಗ್ ಜಾಗ ಸಂಘದ್ದು, ಮೀಟರ್ ಎಲ್ಲೋ ಕೆಳಗೆ. ಸಮುಚ್ಚಯದ ಸಂಘಗಳು ಸಕಾರಣ ಇಲ್ಲದೆ ಚಾರ್ಜಿಂಗ್ ಪೆಟ್ಟಿಗೆ ಬೇಡ ಅನ್ನುವಂತಿಲ್ಲ ಎಂದು ಕ್ಯಾಲಿಫೋರ್ನಿಯಾ 2011ರಲ್ಲಿ ಕಾನೂನು ಮಾಡಿತು. ಖರ್ಚು ಮಾತ್ರ ಕಾರಿನವರದ್ದೇ.

ರಸ್ತೆಯ ಮೇಲಿನ ಸ್ಟೇಷನ್

ಮನೆಯಿಂದ ದೂರ ಹೋದಾಗ ಬೇಕಾಗುವುದು ಫಾಸ್ಟ್ ಚಾರ್ಜರ್. ಇದು ಕಾರಿನ ಒಳಗಿನ ಚಾರ್ಜರನ್ನು ಬದಿಗಿಟ್ಟು ನೇರವಾಗಿ ಡಿಸಿ ಕರೆಂಟನ್ನು ಬ್ಯಾಟರಿಗೆ ತುಂಬುತ್ತದೆ. ಲೀಫ್‌ಗೆ ಜಪಾನಿನ ಚಾಡೆಮೊ ಪ್ಲಗ್, 50 ಕಿಲೋವ್ಯಾಟ್. ಅರ್ಧ ಗಂಟೆಯಲ್ಲಿ 80 ಪರ್ಸೆಂಟ್. 80 ಯಾಕೆ, 100 ಯಾಕಿಲ್ಲ? ಖಾಲಿ ಬಸ್ಸಿಗೆ ಹತ್ತುವವರು ಸಿಕ್ಕ ಸೀಟಿನಲ್ಲಿ ತಕ್ಷಣ ಕೂರುತ್ತಾರೆ, ಬಸ್ ತುಂಬುತ್ತಾ ಬಂದಂತೆ ಕೊನೆಯ ನಾಲ್ಕು ಜನ ಸೀಟು ಹುಡುಕುತ್ತಾ ಓಡಾಡಬೇಕು. ಬ್ಯಾಟರಿಯೊಳಗೆ ಲಿಥಿಯಂ ಅಯಾನುಗಳ ಕಥೆಯೂ ಹಾಗೇ. ತುಂಬುತ್ತಾ ಬಂದ ಬ್ಯಾಟರಿಗೆ ಅದೇ ವೇಗದಲ್ಲಿ ತುರುಕಿದರೆ ಅದು ಹಾಳಾಗುತ್ತದೆ, ಅದಕ್ಕೇ ಕೊನೆಯಲ್ಲಿ ನಿಧಾನ.

ವಾಷಿಂಗ್ಟನ್ ಮತ್ತು ಒರೆಗಾನ್ ಸೇರಿ ಐ-5 ಹೆದ್ದಾರಿಯ ಉದ್ದಕ್ಕೂ 25ರಿಂದ 50 ಮೈಲಿಗೊಂದು ಫಾಸ್ಟ್ ಚಾರ್ಜರ್ ಹಾಕಿದವು. ವೆಸ್ಟ್ ಕೋಸ್ಟ್ ಎಲೆಕ್ಟ್ರಿಕ್ ಹೈವೇ ಎಂದು ಅದರ ಹೆಸರು. 73 ಮೈಲಿ ಹೋಗುವ ಕಾರಿಗೆ ಲೆಕ್ಕ ಹಾಕಿ ಇಟ್ಟ ಅಂತರ ಅದು, ಒಳ್ಳೆಯ ಯೋಜನೆ. ಟೆನ್ನೆಸ್ಸಿಯಲ್ಲಿ ಕ್ರ್ಯಾಕರ್ ಬ್ಯಾರೆಲ್ ರೆಸ್ಟೊರೆಂಟ್‌ಗಳ ಅಂಗಳದಲ್ಲಿ ಚಾರ್ಜರ್ ಹಾಕಲು ಹೊರಟರು, ಊಟ ಮುಗಿಸುವಷ್ಟರಲ್ಲಿ ಕಾರು ತಯಾರಾಗಲಿ ಎಂದು.

ಆದರೂ ಸ್ಟೇಷನ್‌ಗಳು ಬೇಗ ಹಬ್ಬಲಿಲ್ಲ. ಕಾರು ಕಡಿಮೆ ಇದ್ದದ್ದು ಒಂದು ಕಾರಣ. ಅದಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವ ಕಾರಣ ಡಿಮ್ಯಾಂಡ್ ಚಾರ್ಜ್. ಅಂಗಡಿ, ಕಾರ್ಖಾನೆಗಳ ಬಿಲ್‌ನಲ್ಲಿ ಎಷ್ಟು ಯೂನಿಟ್ ಬಳಸಿದಿರಿ ಎಂಬುದರ ಜೊತೆಗೆ, ಆ ತಿಂಗಳಲ್ಲಿ ಅತಿ ಹೆಚ್ಚು ಕರೆಂಟ್ ಎಳೆದ ಕಾಲು ಗಂಟೆಗೂ ಒಂದು ದರ ಇರುತ್ತದೆ. ಕಿಲೋವ್ಯಾಟ್‌ಗೆ 20 ಡಾಲರ್ ಅಂದುಕೊಳ್ಳಿ. ತಿಂಗಳಿಗೆ ಒಂದೇ ಒಂದು ಲೀಫ್ ಬಂದು 50 ಕಿಲೋವ್ಯಾಟ್ ಎಳೆದರೂ ಬಿಲ್‌ಗೆ 1,000 ಡಾಲರ್ ಸೇರಿತು. ನೂರು ಕಾರು ಬಂದರೆ ಅದು ಕಾರಿಗೆ 10 ಡಾಲರ್, ಒಂದೇ ಬಂದರೆ ಅಷ್ಟೂ ಅದರ ತಲೆಗೆ. ಜನ ಕಡಿಮೆ ಇರುವಾಗ ಸ್ಟೇಷನ್ ನಡೆಸುವವರಿಗೆ ಅತಿ ಹೆಚ್ಚು ನಷ್ಟ, ಅದೇ ಸ್ಟೇಷನ್ ಇಲ್ಲದೆ ಜನ ಜಾಸ್ತಿ ಆಗುವುದಿಲ್ಲ. ಸರ್ಕಾರದ ಅನುದಾನ ಯಂತ್ರ ಕೂರಿಸಲು ಸಿಕ್ಕಿತು, ತಿಂಗಳು ತಿಂಗಳು ಬರುವ ಈ ಬಿಲ್‌ಗೆ ಸಿಗಲಿಲ್ಲ.

ದರ ಹಾಕುವ ರೀತಿಯೂ ವಿಚಿತ್ರವಾಗಿತ್ತು. ಹಲವು ರಾಜ್ಯಗಳಲ್ಲಿ ಯೂನಿಟ್ ಲೆಕ್ಕದಲ್ಲಿ ಕರೆಂಟ್ ಮಾರುವ ಹಕ್ಕು ಕರೆಂಟ್ ಕಂಪನಿಗಳಿಗೆ ಮಾತ್ರ. ಹಾಗಾಗಿ ಸಾಧಾರಣ 240 ವೋಲ್ಟ್ ಸ್ಟೇಷನ್‌ಗಳು ಗಂಟೆ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಿದ್ದವು. 2011ರ ಲೀಫ್‌ನ ಒಳಗಿನ ಚಾರ್ಜರ್ ಬರೀ 3.3 ಕಿಲೋವ್ಯಾಟ್. 2013ರ ಹೆಚ್ಚಿನ ಮಾದರಿಗಳಲ್ಲಿ 6.6. ಒಂದೇ ಸ್ಟೇಷನ್, ಒಂದೇ ಗಂಟೆ, ಒಂದೇ ದುಡ್ಡು, ಆದರೆ ಮೊದಲು ಕಾರು ಕೊಂಡವರಿಗೆ ಅರ್ಧ ಕರೆಂಟ್. ಇಕೋಟಾಲಿಟಿಯ ಬ್ಲಿಂಕ್ ಸ್ಟೇಷನ್‌ಗೆ ಒಂದು ಕಾರ್ಡ್, ಚಾರ್ಜ್‌ಪಾಯಿಂಟ್ ಎಂಬ ಬೇರೆ ಕಂಪನಿಯ ಸ್ಟೇಷನ್‌ಗೆ ಇನ್ನೊಂದು ಕಾರ್ಡ್.

2013ರ ಸೆಪ್ಟೆಂಬರ್‌ನಲ್ಲಿ ಇಕೋಟಾಲಿಟಿ ದಿವಾಳಿಯಾಯಿತು. ಸರ್ಕಾರದ ನೂರು ಮಿಲಿಯನ್ ಡಾಲರ್‌ಗೂ ಮೇಲ್ಪಟ್ಟ ಹಣದಲ್ಲಿ ಕಟ್ಟಿದ ಜಾಲ, ಬ್ಲಿಂಕ್ ಹೆಸರಿನ ಸಮೇತ, ಹರಾಜಿನಲ್ಲಿ 3.3 ಮಿಲಿಯನ್‌ಗೆ ಮಾರಾಟವಾಯಿತು. ದುಡ್ಡೆಲ್ಲ ಪೋಲಾಯಿತು ಎಂದು ಹಲವರು ಬೈದರು. ನಾನು ಒಪ್ಪುವುದಿಲ್ಲ. ಜನ ಎಲ್ಲಿ, ಯಾವಾಗ, ಎಷ್ಟು ಚಾರ್ಜ್ ಮಾಡುತ್ತಾರೆ ಎಂಬ ಮೊದಲ ದೊಡ್ಡ ದಾಖಲೆ ಸಿಕ್ಕಿದ್ದು ಆ ಯೋಜನೆಯಿಂದಲೇ.

ತಾರೀಖಿನ ಸಮಸ್ಯೆ ಮಾತ್ರ ಲೀಫ್ ಜೊತೆ ಮುಗಿಯಲಿಲ್ಲ. ಕೇಂದ್ರದ ಕ್ರೆಡಿಟ್ ಪ್ರತಿ ಕಂಪನಿಗೂ 200,000 ಕಾರು ಆಗುವವರೆಗೆ ಪೂರ್ತಿ, ಆಮೇಲೆ ಹಂತ ಹಂತವಾಗಿ ಇಳಿಕೆ. 2016ರ ಮಾರ್ಚ್ 31ರಂದು 1,000 ಡಾಲರ್ ಕಟ್ಟಿ ಟೆಸ್ಲಾ ಮಾಡೆಲ್ 3 ಬುಕ್ ಮಾಡಿದವರಿಗೆ 2018ರ ಡಿಸೆಂಬರ್ 31ರೊಳಗೆ ಕಾರು ಬಂದರೆ 7,500. ಮಾರನೇ ದಿನ ಬಂದರೆ 3,750. ಆ ವರ್ಷದ ಜುಲೈಯಲ್ಲಿ ಟೆಸ್ಲಾ 200,000 ದಾಟಿತ್ತು.

ನಿಯಮ ಬದಲಾಗಲು ಬಹಳ ವರ್ಷ ಹಿಡಿಯಿತು. 2024ರ ಜನವರಿಯಿಂದ ಕ್ರೆಡಿಟ್ಟನ್ನು ಡೀಲರ್ ಹೆಸರಿಗೆ ಬರೆದುಕೊಟ್ಟು ಶೋರೂಮಿನಲ್ಲೇ ಬೆಲೆ ಇಳಿಸಿಕೊಳ್ಳುವ ಅವಕಾಶ ಬಂತು. ತೆರಿಗೆ ಕಡಿಮೆ ಇದ್ದವರಿಗೂ ಪೂರ್ತಿ ಮೊತ್ತ ಸಿಗತೊಡಗಿತು. ಕೊನೆಗೆ 2025ರ ಸೆಪ್ಟೆಂಬರ್ 30ಕ್ಕೆ ಆ ಕ್ರೆಡಿಟ್ಟೇ ನಿಂತಾಗ, ಆದಾಯ ತೆರಿಗೆ ಇಲಾಖೆ ಒಂದು ಸ್ಪಷ್ಟನೆ ಕೊಟ್ಟಿತು: ಆ ದಿನದೊಳಗೆ ಲಿಖಿತ ಒಪ್ಪಂದಕ್ಕೆ ಸಹಿ ಹಾಕಿ, ಒಂದಿಷ್ಟು ಹಣ ಕಟ್ಟಿದ್ದರೆ ಸಾಕು, ಕಾರು ಆಮೇಲೆ ಬಂದರೂ ಕ್ರೆಡಿಟ್ ಸಿಗುತ್ತದೆ.